ಜಗಲಿಯ ಮೇಲಿನ ಕಟ್ಟು

ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದು ಹೊರಟರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಹೊಯ್ಸಳರ ಬೇಲೂರಲ್ಲ, ಧಾರವಾಡ ತಾಲೂಕಿನ ಬೇಲೂರು. ನವೆಂಬರ್ ತಿಂಗಳ ಒಂದು ಸಂಜೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ರಾಜ್ಯೋತ್ಸವದ ಭಾಷಣ ಮುಗಿಸಿಕೊಂಡು ಬಂದ ಹಿರಿಯರೊಬ್ಬರು ಚಹಾದಂಗಡಿಯ ಬಾಕಿನ ಮೇಲೆ ಬಸ್ಸಿಗೆ ಕಾಯುತ್ತಿದ್ದರು. ಹಸ್ತಪ್ರತಿಗಳ ನಡುವೆ ಬಹಳ ವರ್ಷ ಕೆಲಸ ಮಾಡಿದವರು. ಅದೇ ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಪಾಳಿ ಮುಗಿಸಿ ಅವರ ಪಕ್ಕದಲ್ಲಿ ಬಂದು ಕೂತಳು.

ಆಕೆ: ನಮಸ್ಕಾರ್ರಿ ಕಾಕಾ. ಭಾಷಣದಾಗ ಐರ್ಲೆಂಡಿನ ಸಾಲಿ ಹುಡುಗರ ಮಾತು ತಗದ್ರಿ. ಅಷ್ಟರಾಗ ಸನ್ಮಾನದ ಹೊತ್ತಾತು ಅಂತ ಚೀಟಿ ಬಂತು, ಅರ್ಧಕ್ಕ ಬಿಟ್ರಿ. ನನಗ ಅದರ ಮುಂದಿಂದು ಕೇಳಬೇಕಾಗೇತಿ.

ಹಿರಿಯರು: ಕೂಡು ತಂಗಿ, ಕೂಡು. ಬಸ್ಸಿಗೆ ಇನ್ನೂ ಹೊತ್ತೈತಿ. ನೋಡು, 1937ನೇ ಇಸವಿ. ಐರ್ಲೆಂಡ್ ಇಂಗ್ಲಿಷರ ಕೈಯಿಂದ ಬಿಡಿಸಿಕೊಂಡು ಹದಿನೈದು ವರ್ಷ ಆಗಿತ್ತು. ಆದ್ರ ಅಷ್ಟರಾಗ ಭಾಷಾ ಕೈಬಿಟ್ಟು ಹೋಗಿತ್ತು. 1845ರಿಂದ ಮ್ಯಾಲಿಂದ ಮ್ಯಾಲ ಆಲೂಗಡ್ಡಿ ಬೆಳಿ ಕೊಳತು ಬರಗಾಲ ಬಿದ್ದಿತ್ತಲ್ಲ, ಆಗ ಸುಮಾರು ಹತ್ತು ಲಕ್ಷ ಮಂದಿ ಸತ್ರು, ಹತ್ತು ಲಕ್ಷದಷ್ಟು ಮಂದಿ ಹಡಗ ಹತ್ತಿ ದೇಶಾ ಬಿಟ್ರು. ಅವರೊಳಗ ಭಾಳ ಮಂದಿ ಐರಿಶ್ ಮಾತಾಡೂ ಬಡವರು. ಉಳದವರು ಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ರು, ಹೊಟ್ಟಿಗೆ ಅದ ಬೇಕಾಗಿತ್ತು. ಹಂಗಾಗಿ ಹಳೇ ಕಥಿ, ಹಾಡು, ನಾಟಿ ಔಷಧ, ಊರ ಸುದ್ದಿ ಇವೆಲ್ಲಾ ಮುದುಕರ ಬಾಯಾಗಷ್ಟ ಉಳದಿದ್ವು. ಅದನ್ನ ಕೂಡಿಸಾಕ ಸರಕಾರ 1935ರಾಗ ಒಂದು ಜಾನಪದ ಆಯೋಗ ಮಾಡ್ತು.

ಆಕೆ: ಆಯೋಗ ಇದ್ದಿಂದ ಹುಡುಗರನ್ನ ಯಾಕ ಹಚ್ಚಿದ್ರು?

ಹಿರಿಯರು: ಮುದುಕರ ಹಂತೇಕ ಕೂಡವ್ರು ಯಾರವ್ವ? ಮೊಮ್ಮಕ್ಕಳ. ಆಯೋಗದ ನೌಕರರು ಬೆರಳೆಣಿಕಿ ಮಂದಿ, ದೇಶದ ತುಂಬ ಹಳ್ಳಿ. ಅದಕ್ಕ ಶಿಕ್ಷಣ ಇಲಾಖೆ, ಮಾಸ್ತರರ ಸಂಘ ಎರಡನ್ನೂ ಕೂಡಿಸಿಕೊಂಡು 55 ವಿಷಯದ ಒಂದು ಸಣ್ಣ ಕೈಪಿಡಿ ಮಾಡಿ ಸಾಲಿಗೆ ಕಳಿಸಿದ್ರು. ವಾರಕ್ಕೊಮ್ಮೆ ಪ್ರಬಂಧ ಬರಿಯೂ ಬದಲಿ ಮನಿಗೆ ಹೋಗಿ ಅಜ್ಜ, ಅಜ್ಜಿ, ಬಾಜೂ ಮನಿಯವರನ್ನ ಕೇಳಿ ಬರಕೊಂಡು ಬರ್ರಿ ಅಂದ್ರು. ಊರಾಗ ಹುಗದಿಟ್ಟ ಹೊನ್ನಿನ ಕಥಿ, ಬಾವಿ ಹೆಸರು, ಹಲ್ಲುನೋವಿಗೆ ಏನ ಹಚ್ಚತಿದ್ರು, ಯಾವ ಆಟಾ ಆಡತಿದ್ರು ಇಂಥಾವು. ಸುಮಾರು 5,000 ಸಾಲಿ, 50,000ಕ್ಕೂ ಮಿಕ್ಕಿ ಹುಡುಗರು. ಅವರ ವಹಿಗಳೆಲ್ಲಾ ರಾಜಧಾನಿ ಡಬ್ಲಿನ್ನಿಗೆ ಬಂದು ಕೂಡಿದ್ವು. 1971ರಾಗ ಆ ಇಡೀ ಸಂಗ್ರಹ ಡಬ್ಲಿನ್ನಿನ ವಿಶ್ವವಿದ್ಯಾಲಯಕ್ಕ ಹೋತು. 2017ರಾಗ ಯುನೆಸ್ಕೋ ಅದನ್ನ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸ್ತು. ಈಗ ಅಂತರ್ಜಾಲದಾಗ ಯಾರ ಬೇಕಾದ್ರೂ ತಮ್ಮೂರ ಹೆಸರು ಹಾಕಿದ್ರ ತಮ್ಮ ಅಜ್ಜನೋ ಮುತ್ತಜ್ಜಿಯೋ ಸಣ್ಣವರಿದ್ದಾಗ ಬರದ ಪುಟಾ ಬರತೈತಿ.

ಆಕೆ: ಅಜ್ಜಿ ಅಕ್ಷರ!

ಹಿರಿಯರು: ಹೌದು, ಅಕಿ ಕೈಬರಹ, ಅಕಿ ಮಾಡಿದ ತಪ್ಪು ಸಹಿತ. ಇದರ ಇನ್ನೊಂದು ಮಗ್ಗಲ ಹೇಳತೀನಿ ಕೇಳು. ಆಯೋಗದವರು ಮೇಣದ ಉರುಳಿ ಮ್ಯಾಲ ದನಿ ಹಿಡಿಯೂ ಭಾರೀ ಯಂತ್ರ ಹೊತಗೊಂಡು ಹಳ್ಳಿ ಹಳ್ಳಿ ತಿರಗತಿದ್ರು. ರೊಕ್ಕದ ಅಡಚಣಿ. ಒಂದು ಉರುಳಿ ತುಂಬಿದ ಮ್ಯಾಲ ಅದನ್ನ ಕೇಳಿ, ಅಕ್ಷರಕ್ಕ ಇಳಿಸಿ, ಮೇಣಾ ಹೆರದು ಮತ್ತ ಅದ ಉರುಳಿಗೆ ಬ್ಯಾರೆ ದನಿ ತುಂಬತಿದ್ರು.

ಆಕೆ: ಅಂದ್ರ ಮೊದಲಿನ ದನಿ ಹೋತು?

ಹಿರಿಯರು: ಹೋತು. ಅಕ್ಷರ ಉಳೀತು, ದನಿ ಹೋತು. ನಾ ಅದನ್ನ ಮೊದಲ ಓದಿದಾಗ ಆ ರಾತ್ರಿ ನಿದ್ದಿ ಬರಲಿಲ್ಲ. ಒಂದನ್ನ ಉಳಿಸಾಕ ಇನ್ನೊಂದನ್ನ ಕೊಟ್ಟರು. ನಾವು ಎರಡನ್ನೂ ಕೊಡಾಕತ್ತೇವಿ, ಅದಕ್ಕ ಸಂಕಟ ಆಗತೈತಿ.

ಆಕೆ: ನಮ್ಮಲ್ಲಿ ಅಂಥಾದ್ದು ಏನೂ ಆಗಲಿಲ್ಲೇನ್ರಿ?

ಹಿರಿಯರು: ಆಗೇತಿ. ಇಲ್ಲಿಂದ ಅರ್ಧಾ ತಾಸಿನ ಹಾದಿ. ಐರ್ಲೆಂಡಿನ ಹುಡುಗರು ಕಡೀ ವಹಿ ಕಟ್ಟಿ ಕಳಿಸಿದ 1939ರಾಗ, ಅದ ವರ್ಷ, ಧಾರವಾಡದಾಗ ಮುಂಬಯಿ ಸರಕಾರ ಕನ್ನಡ ಸಂಶೋಧನ ಸಂಸ್ಥೆ ತಗೀತು. ಆರ್. ಎಸ್. ಪಂಚಮುಖಿಯವರು ಅದರ ನಿರ್ದೇಶಕರು. ಆಗ ವಿಶ್ವವಿದ್ಯಾಲಯ ಇನ್ನೂ ಇರಲಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಾಗ, ಅದೂ ಮುಂಬಯಿಯೊಳಗ. ಮರು ವರ್ಷ ಧಾರವಾಡಕ್ಕ ಬಂತು. ಮುಂದ ಸಂಶೋಧನ ಸಂಸ್ಥೆ ಅದರ ಮಡಿಲಿಗೆ ಬಿತ್ತು. ಓಲಿಗರಿ, ಶಾಸನ, ಮೂರ್ತಿ, ನಾಣ್ಯ ಎಲ್ಲಾ ಒಂದ ಸೂರಿನ ಕೆಳಗ.

ಆಕೆ: ಮುಂಬಯಿ ಸರಕಾರಕ್ಕ ಕನ್ನಡದ ಮ್ಯಾಲ ಅಷ್ಟು ಕಾಳಜಿ ಯಾಕ ಬಂತ್ರಿ?

ಹಿರಿಯರು: ತಾನಾಗಿ ಬರಲಿಲ್ಲ, ಮಂದಿ ಬೆನ್ನಹತ್ತಿದ್ರು. ಅದರ ಹಿಂದಿನ ನೂರು ವರ್ಷ ನೋಡಬೇಕು. ನಮ್ಮ ಕಡೆ ಕಚೇರಿ, ಸಾಲಿ ಎಲ್ಲಾ ಮರಾಠಿಮಯ ಆಗಿದ್ದ ಕಾಲ ಇತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥಾವರು ಕನ್ನಡ ಸಾಲಿ ಸಲುವಾಗಿ ಜೀವಾ ತೇಯ್ದ್ರು. 1890ರಾಗ ವಿದ್ಯಾವರ್ಧಕ ಸಂಘ ಹುಟ್ಟಿತು. ಐರ್ಲೆಂಡಿನಂಗ ನಮ್ಮ ಭಾಷಾ ಕೈಬಿಟ್ಟು ಹೋಗಲಿಲ್ಲ, ಅದು ಅವರ ಪುಣ್ಯಾ. ಮತ್ತೊಂದು ಸಂಗತಿ. ವಾಲ್ಟರ್ ಎಲಿಯಟ್ ಅಂತ ಒಬ್ಬ ಸ್ಕಾಟಿಷ್ ಅಧಿಕಾರಿ 1820ರ ದಶಕದಾಗ ಧಾರವಾಡದಾಗ ಇದ್ದ. ಕಿತ್ತೂರ ಗಲಾಟಿಯೊಳಗ ಸೆರಿ ಸಿಕ್ಕಾತ ಆತನ. ಆತ ಕಾರಕೂನರನ್ನ ಕಳಿಸಿ ಈ ಸೀಮಿಯ 595 ಶಾಸನ ನಕಲು ಮಾಡಿಸಿ ಕಟ್ಟಿಸಿದ. ಒಂದು ಪ್ರತಿ ಲಂಡನ್ನಿಗೆ ಹೋತು, ಒಂದು ಎಡಿನ್‌ಬರೋಕ್ಕ. ಆತ ಮಾಡಿದ್ದು ದೊಡ್ಡ ಕೆಲಸ, ನಾ ಕೈ ಮುಗೀತೀನಿ. ಆದ್ರ ವಿಚಾರ ಮಾಡು. ನಮ್ಮ ಗುಡಿ ಮುಂದ ನಿಂತ ಕಲ್ಲು, ಮಳ್ಯಾಗ ನೆನದು ಅಕ್ಷರಾ ಸವದಿದ್ರ, ಅದರೊಳಗ ಏನಿತ್ತು ಅಂತ ನೋಡಾಕ ಸಮುದ್ರಾ ದಾಟಬೇಕಾಗಿತ್ತು. 1941ರಾಗ ಪಂಚಮುಖಿಯವರು ಇಲ್ಲೇ ಓದಿ, ಇಲ್ಲಿಂದನ ಕರ್ನಾಟಕ ಶಾಸನಗಳ ಮೊದಲ ಸಂಪುಟ ಹೊರಗ ತಂದ್ರು. ಅದರ ಬೆಲಿ ಏನಂತ ಈಗ ತಿಳೀತಲ್ಲ?

ಆಕೆ: ತಿಳೀತ್ರಿ. ಕಲ್ಲನ್ನ ಸಂಸ್ಥೆಗೆ ಹೊತ್ತು ತರಾಕ ಆಗೂದಿಲ್ಲಲ್ಲ, ಹೆಂಗ ಓದತಿದ್ರು?

ಹಿರಿಯರು: ಪಡಿಯಚ್ಚು ತಗೀತಿದ್ರು. ಈಗೂ ತಗೀತಾರ. ಕಲ್ಲಿನ ಮ್ಯಾಲಿನ ಪಾಚಿ, ಎಣ್ಣಿಜಿಡ್ಡು, ಸುಣ್ಣಾ ಎಲ್ಲಾ ತಿಕ್ಕಿ ತೊಳೀಬೇಕು. ಆಮ್ಯಾಲ ತೆಳ್ಳಾನ ಗಟ್ಟಿ ಕಾಗದ ನೆನಸಿ ಕಲ್ಲಿಗೆ ಹಚ್ಚಿ ದಪ್ಪ ಬ್ರಶ್ಶಿನಿಂದ ಮೆಲ್ಲಕ ಬಡೀಬೇಕು. ಕಾಗದ ಅಕ್ಷರದ ಕುಣಿಯೊಳಗ ಕೂಡತೈತಿ. ಅರ್ಧ ಒಣಗಿದಾಗ ಮಸಿ ಅದ್ದಿದ ಅರಿವಿ ಗಂಟಿನಿಂದ ಮ್ಯಾಲ ಮ್ಯಾಲ ಒತ್ತಬೇಕು. ಕುಣಿಯೊಳಗ ಮಸಿ ಇಳಿಯೂದಿಲ್ಲ. ಕಲ್ಲೆಲ್ಲಾ ಕರ್ರಗ, ಅಕ್ಷರಾ ಬೆಳ್ಳಗ. ಬಿಸಲು ಏರಿದ್ರ ಕಾಗದ ಬಿರಿತೈತಿ, ಗಾಳಿ ಬಂದ್ರ ಹಾರತೈತಿ. ಹಳ್ಳಿ ಮಂದಿ ಸುತ್ತಲೂ ನಿಂತು, ಹೊನ್ನು ಎಲ್ಲೈತಿ ಅಂತ ಬರದೈತೇನ್ರಿ ಅಂತ ಕೇಳತಾರ. ಕಾಗದ ಬಿಡಿಸಿ ಮ್ಯಾಲೆತ್ತಿ ತೋರಿಸಿ, ನಿಮ್ಮ ಊರಿನ ಕೆರಿಗೆ ಒಬ್ಬಾಕಿ ಹೆಣ್ಣುಮಗಳು ಭೂಮಿ ಬಿಟ್ಟಾಳ ನೋಡ್ರಿ ಅಂದ್ರ ಗಪ್ಪನ ನಿಲ್ಲತಾರ. ಆ ಗಪ್ಪನ ನಿಂತ ಗಳಿಗಿ ಸಲುವಾಗಿ ನಾ ಇಷ್ಟು ವರ್ಷ ದುಡದೆ ಅನಸತೈತಿ.

ಆಕೆ: ಕಾಕಾ, ಒಂದು ಮಾತು ಸಿಟ್ಟಾಗಬ್ಯಾಡ್ರಿ. ಸಂಸ್ಥೆ ಕೂಡಿಸ್ತು, ಛಲೋ ಆತು. ಆದ್ರ ಕೂಡಿಸಿ ಕೀಲಿ ಹಾಕಿದ್ರ ನಮಗೇನು ಬಂತು? ನಮ್ಮ ತಮ್ಮ ಕಾಲೇಜು ಕಲಿಯೂವಾಗ ಒಂದು ಕಡೆ ಓಲಿಗರಿ ನೋಡಾಕ ಹೋಗಿದ್ದ. ಪತ್ರಾ ತಾ ಅಂದ್ರು. ಪತ್ರಾ ಒಯ್ದ್ರ ಮೇಲಿನವರು ರಜಾ ಅಂದ್ರು. ಮೂರನೇ ಸಲ ಅಂವ ಹೋಗಲಿಲ್ಲ.

ಹಿರಿಯರು: ಸಿಟ್ಟ್ಯಾಕ ಆಗಲಿ? ನಿನ್ನ ತಮ್ಮನ ಮಾತು ಖರೇನ ಐತಿ. ಗರಿ ಮುರಿತಾವು ಅನ್ನೂದೂ ಖರೇನ. ಕಾಯೂವ ಕೈ ತಡಿಯೂವ ಕೈ ಆಗಿಬಿಡತೈತಿ, ಅದು ಈ ಕೆಲಸದಾಗಿನ ದೊಡ್ಡ ದೋಷ. ಮೂರನೇ ಸಲ ಆ ಹುಡುಗ ಬರಲಿಲ್ಲ ಅಂದ್ರ ಒಬ್ಬ ಓದುಗನ್ನ ಕಳಕೊಂಡಂಗ. ಆದ್ರ ಇದ ವಿಶ್ವವಿದ್ಯಾಲಯ ಒಂದು ಕಾಲಕ್ಕ ಬಾಗಲಾ ತಗದಿದ್ದಷ್ಟ ಅಲ್ಲ, ತಾನ ಎದ್ದು ಊರಿಗೆ ಬಂದಿತ್ತು. ನಿಮ್ಮ ಮನ್ಯಾಗ ಅಜ್ಜನ ಪುಸ್ತಕ ಏನರ ಅದಾವೇನು?

ಆಕೆ: ಟ್ರಂಕಿನಾಗ ಸಣ್ಣ ಸಣ್ಣ ಪುಸ್ತಕ ಅದಾವ್ರಿ, ಅಂಗೈ ಅಷ್ಟ. ಒಂದು ಕಾನೂನಿಂದು, ಒಂದು ವಚನದ್ದು. ಕರ್ನಾಟಕ ವಿಶ್ವವಿದ್ಯಾಲಯ ಅಂತ ಮ್ಯಾಲ ಐತಿ.

ಹಿರಿಯರು: ಅದ, ಅದ! ಉಪನ್ಯಾಸ ಗ್ರಂಥಮಾಲೆ. ಡಿ. ಸಿ. ಪಾವಟೆಯವರು ಕುಲಪತಿ ಆಗಿದ್ದ ಕಾಲ. 1954ರಿಂದ 1967ರ ತನಕ ಇದ್ರು. ಪ್ರಸಾರಾಂಗದ ಹೊಣಿ ಕವಿ ಚೆನ್ನವೀರ ಕಣವಿಯವರ ಮ್ಯಾಲ. ಪ್ರಾಧ್ಯಾಪಕರನ್ನ ತಾಲೂಕಿಗೆ, ಹಳ್ಳಿಗೆ ಕಳಿಸಿ ಕನ್ನಡದಾಗ ಉಪನ್ಯಾಸ ಕೊಡಸತಿದ್ರು. ಗುಡಿ ಕಟ್ಟಿ ಮ್ಯಾಲ, ಸಾಲಿ ಅಂಗಳದಾಗ. ಬರೇ ಸಾಹಿತ್ಯ ಅಲ್ಲ. ವಿಜ್ಞಾನ, ಕಾಯ್ದೆ, ಇತಿಹಾಸ ಎಲ್ಲಾ. ಆಮ್ಯಾಲ ಆ ಮಾತನ್ನ ಅಚ್ಚು ಹಾಕಿ ಪೈಸೆ ಲೆಕ್ಕದ ಬೆಲಿಗೆ ಮಾರತಿದ್ರು. ರೈತ ಜೋಬಿನಾಗ ಇಟ್ಕೊಂಡು ಹೊಲಕ್ಕ ಹೋಗಬಹುದಾಗಿತ್ತು. ಪ್ರಾಧ್ಯಾಪಕರಿಗೂ ಅದು ಪರೀಕ್ಷಾ. ಹಳ್ಳಿ ಮಂದಿ ಮುಂದ ತಿಳಿಯೂಹಂಗ ಹೇಳಬೇಕಂದ್ರ ತನಗ ಮೊದಲ ತಿಳದಿರಬೇಕಲ್ಲ. ಕಣವಿಯವರು ಕವಿ ಅಂತ ಎಲ್ಲಾರಿಗೂ ಗೊತ್ತು. ಅವರ ದುಡಿಮಿಯೊಳಗ ಅಷ್ಟ ದೊಡ್ಡದು ಈ ಸಣ್ಣ ಪುಸ್ತಕ. ಆ ಟ್ರಂಕಿಗೆ ಗೆದ್ದಲ ಹತ್ತದಂಗ ನೋಡ್ಕೊ.

ಆಕೆ: ನೋಡ್ಕೊತೀನ್ರಿ. ಖರೇ ಹೇಳಬೇಕಂದ್ರ ನಾ ಕೂತಿದ್ದು ಬ್ಯಾರೆ ಕಾರಣಕ್ಕ. ನಮ್ಮ ತವರಮನಿ ಜಗಲಿ ಮ್ಯಾಲ ಒಂದು ಕಟ್ಟು ಐತಿ. ಕೆಂಪ ಅರಿವಿಯಾಗ ಸುತ್ತಿದ್ದು. ಅಮಾಸಿಗೊಮ್ಮೆ ಅವ್ವ ವಿಭೂತಿ, ಕುಂಕಮ ಹಚ್ಚತಾಳ. ಈಗ ಹಳೇ ಮನಿ ಕೆಡವಿ ಹೊಸಾದು ಕಟ್ಟಾವ್ರದಾರ. ಹೊಳಿಗೆ ಬಿಟ್ಟು ಬರೂನು ಅಂತ ಅಪ್ಪನ ವಿಚಾರ. ಮನ್ಯಾಗ ಯಾರಿಗೂ ಓದಾಕ ಬರೂದಿಲ್ಲ. ಸುಮ್ನ ಇಟ್ಟು ಅಪಚಾರ ಆಗೂದು ಬ್ಯಾಡ ಅಂತಾರ.

ಹಿರಿಯರು: ಹೊಳಿಗೆ ಬಿಡಾಕ ಹೋಗಬ್ಯಾಡ್ರಿ. ಒಂದೂರಿಗೆ ನಾ ಹಿಂಗ ಕಟ್ಟಿನ ಸುದ್ದಿ ಕೇಳಿ ಹೋಗಿದ್ದೆ. ಹ್ವಾದ ವಾರ ಮಲಪ್ರಭಾಕ್ಕ ಬಿಟ್ವಿರಿ ಅಂದ್ರು. ಭಕ್ತಿಯಿಂದನ ಬಿಟ್ಟಿದ್ರು, ಕಾಯಿ ಒಡದು ಬಿಟ್ಟಿದ್ರು. ಕಟ್ಟಿನ ಮ್ಯಾಲ ಕೆಳಗ ಇರತಾವಲ್ಲ ಎರಡು ಹಲಗಿ, ಅವಷ್ಟು ಉಳದಿದ್ವು. ಛಲೋ ಕಟಗಿ ಅಂತ ತಗದಿಟ್ಟಿದ್ರು. ಆ ಹಲಗಿ ಒಳಮಗ್ಗಲಿಗೆ ಗರಿ ಒತ್ತಿ ಒತ್ತಿ ಬಿದ್ದ ಗೆರಿ ಕಾಣತಿತ್ತು. ನಾ ಆ ಹಲಗಿ ಮುಟ್ಟಿ ನೋಡಿ ಬಂದೆ. ಅದರೊಳಗ ಏನಿತ್ತು ಅಂತ ಇನ್ನ ಯಾರಿಗೂ ತಿಳಿಯೂದಿಲ್ಲ.

ಆಕೆ: ಫೋನಿನಾಗ ಒಂದು ಫೋಟೋ ತಕ್ಕೊಂಡೀನ್ರಿ. ಇಲ್ಲಿ, ನೋಡ್ರಿ.

ಹಿರಿಯರು: ತಾ ಇಲ್ಲೆ. ಸ್ವಲ್ಪ ದೊಡ್ಡದು ಮಾಡು. ಗರಿ ಛಲೋ ಅದಾವ, ತುದಿಗಷ್ಟ ನುಸಿ ತಿಂದೈತಿ. ಎಣ್ಣಿ ಹಚ್ಚಿ ಕುಂಕಮ ಮೆತ್ತಿ ಮೊದಲ ಗರಿ ಕರ್ರಗಾಗೇತಿ ನೋಡು. ಇದು ಕಂಟದಿಂದ ಕೊರದ ಅಕ್ಷರ. ಹಸೀ ಗರಿ ಕುದಿಸಿ, ನೆರಳಿಗೆ ಒಣಗಿಸಿ, ತಿಕ್ಕಿ ನುಣ್ಣಗ ಮಾಡಿ, ಕಬ್ಬಿಣದ ಕಂಟ ಹಿಡದು ಗೀರತಿದ್ರು. ಒತ್ತಿ ಗೀರಿದ್ರ ಗರಿ ಸೀಳತೈತಿ, ಹಗುರ ಗೀರಿದ್ರ ಅಕ್ಷರ ಮೂಡೂದಿಲ್ಲ. ಆಮ್ಯಾಲ ದೀಪದ ಕಾಡಿಗಿ ತಿಕ್ಕಿ ಒರಸಿದ್ರ ಗೀರಿದಲ್ಲಿ ಮಾತ್ರ ಕಪ್ಪು ನಿಲ್ಲತೈತಿ. ಇಲ್ಲಿ ನೋಡು, ಶಬ್ದದ ನಡುವ ಜಾಗಾನ ಇಲ್ಲ. ಒಂದ ಸವನ ಹೊಂಟೈತಿ.

ಆಕೆ: ನನಗ ಒಂದೂ ತಿಳಿವಲ್ದು.

ಹಿರಿಯರು: ತಿಳೀತೈತಿ, ತಾಳು. ಇದು ‘ಎ’, ಮುಂದ ‘ತ್ತಿ’, ‘ನ’. ಎತ್ತಿನ. ಹಳೇ ಗರಿಯೊಳಗ ಭಾಳ ಕಡೆ ಎಕಾರಕ್ಕೂ ಏಕಾರಕ್ಕೂ, ಒಕಾರಕ್ಕೂ ಓಕಾರಕ್ಕೂ ಫರಕ ಮಾಡೂದಿಲ್ಲ. ಕೊಡು ಅಂದ್ರೂ ಒಂದ, ಕೋಡು ಅಂದ್ರೂ ಒಂದ. ಮುಂದಿನ ಮಾತು ನೋಡಿ ನಾವ ತಿಳಕೋಬೇಕು. ಎತ್ತಿನ… ನಾ-ಲ-ಗೆ. ನಾಲಗೆ. ಇಲ್ಲಿ ಬಳ್ಳೊಳ್ಳಿ ಬಂತು. ಇದು ಮೆಣಸು.

ಆಕೆ: ಅಡಿಗಿ ಏನ್ರಿ?

ಹಿರಿಯರು: ದನದ ಔಷಧ! ಎತ್ತಿನ ನಾಲಗಿಗೆ ಏನೋ ಬ್ಯಾನಿ ಬಂದ್ರ ಏನ ಅರದು ತಿಕ್ಕಬೇಕು ಅಂತ ಬರದಾರ.

ಆಕೆ: ಅಯ್ಯ, ವಚನ ಇರಬಹುದು ಅಂತ ನಾವೆಲ್ಲಾ ಕೈ ಮುಗೀತಿದ್ವಿ.

ಹಿರಿಯರು: ಮುಗದದ್ದು ತಪ್ಪೇನಿಲ್ಲ. ನಿಮ್ಮ ಮನಿತನಾ ಒಕ್ಕಲತನದ್ದು, ಎತ್ತು ಬಿದ್ರ ಮನಿ ಬಿದ್ದಂಗ. ಚಾಲುಕ್ಯ ಮನೆತನದ ಕೀರ್ತಿವರ್ಮ ಹನ್ನೆರಡನೇ ಶತಮಾನದಾಗನ ‘ಗೋವೈದ್ಯ’ ಅಂತ ಕನ್ನಡದಾಗ ಬರದ. ಅರಮನ್ಯಾಗ ಬರದ ಆ ವಿದ್ಯಾ ಹಳ್ಳಿಗೆ ಹೆಂಗ ಇಳೀತು, ಹಳ್ಳಿಯವರು ಅದಕ್ಕ ತಮ್ಮದು ಏನ ಕೂಡಿಸಿದ್ರು ಅನ್ನೂದನ್ನ ಇಂಥಾ ಕಟ್ಟ ಹೇಳಬೇಕು. ಐರ್ಲೆಂಡಿನ ಆ 55 ವಿಷಯದೊಳಗ ಔಷಧಾನೂ ಒಂದು. ನಿಮ್ಮ ಜಗಲಿ ಮ್ಯಾಲ ಇರೂದು ಅದ ಜಾತಿದು. ಇದು ಒಂದ ಗರಿ. ಒಳಗ ಇನ್ನೂ ಏನೇನೈತೋ. ಒಂದ ಕಟ್ಟಿನಾಗ ನಾಕು ಥರದ್ದು ಕೂಡಿರತೈತಿ. ಔಷಧದ ಬೆನ್ನಿಗೆ ವಚನ, ವಚನದ ಬೆನ್ನಿಗೆ ಸಾಲದ ಲೆಕ್ಕ.

ಆಕೆ: ಲೆಕ್ಕಾ ಅಂದ್ರಲ್ಲ, ಕಟ್ಟಿನ ಕೂಡ ಒಂದು ಕಪ್ಪ ಅರಿವಿ ಮಡಿಕಿನೂ ಐತ್ರಿ. ಗಟ್ಟಿಯಾಗಿ ರಟ್ಟಿನಂಗ. ಅದನ್ನ ಮಾತ್ರ ಒಗದ್ರಾತು ಅಂತ ಅವ್ವ ಆಚೆ ಕಡೆ ಇಟ್ಟಾಳ.

ಹಿರಿಯರು: ಒಗೀಬ್ಯಾಡ್ರಿ! ಅದು ಕಡತ. ಅರಿವಿಗೆ ಹುಣಸಿಬೀಜದ ಸರಿ, ಇದ್ದಲಿ ಪುಡಿ ಕಲಿಸಿ ಬಳದು ಒಣಗಿಸಿ, ಹಿಂದ ಮುಂದ ಮಡಿಚಿ ಪುಸ್ತಕಾ ಮಾಡಿದ್ದು. ಬಳಪದಿಂದ ಬರಿಯೂದು, ಬೇಕಂದ್ರ ಒರಸೂದು. ವ್ಯಾಪಾರಿಗಳ ಲೆಕ್ಕ, ಮಠದ ಲೆಕ್ಕ ಎಲ್ಲಾ ಅದರಾಗ. ಈಗ ಇಲ್ಲೇ ಹೈಕೋರ್ಟ್ ಪೀಠದಾಗ ಕಡತ ಅಂತಾರಲ್ಲ, ನಿಮ್ಮ ಕಾರ್ಖಾನಿ ಕಚೇರಿಯೊಳಗ ಕಡತ ಎಲ್ಲಿ ಅಂತ ಕೇಳತಾರಲ್ಲ, ಆ ಮಾತಿನ ತಾಯಿ ಅದು. ಮಾತು ದಿನಾ ಬಾಯಾಗ ಐತಿ, ವಸ್ತು ನೋಡಿದವರ ಇಲ್ಲ. ಆ ಬಳಪದ ಅಕ್ಷರ ಕೈ ತಾಕಿದ್ರ ಅಳಿಸತೈತಿ, ಅದಕ್ಕ ಬಿಚ್ಚಾಕ ಹೋಗಬ್ಯಾಡ್ರಿ.

ಆಕೆ: ಇಷ್ಟೆಲ್ಲಾ ಐತಿ ಅಂದ್ರ ಕೊಡಾಕ ಮನಸ್ಸ ಬರೂದಿಲ್ಲ ಬಿಡ್ರಿ. ಅಜ್ಜಾ ಮುತ್ಯಾನ ಕಾಲದಿಂದ ಬಂದದ್ದು. ಕೊಟ್ರ ಅದು ಕಪಾಟ ಸೇರತೈತಿ, ನಮ್ಮ ಜಗಲಿ ಬರಿದಾಗತೈತಿ.

ಹಿರಿಯರು: ಕೊಡಬ್ಯಾಡ ಅಂದ್ರ ಕೊಡಬ್ಯಾಡ್ರಿ. ಮೊದಲ ಚಿತ್ರ ತಗಸ್ರಿ, ಗರಿ ಗರಿ, ಎರಡೂ ಮಗ್ಗಲ. ಆಮ್ಯಾಲ ಬೇಕಾದ್ರ ಕಟ್ಟು ತಿರುಗಿ ಜಗಲಿಗೆ ಬರಲಿ. ಹಲಕಟ್ಟಿಯವರ ಮಾತು ಕೇಳೀಯಲ್ಲ? ಧಾರವಾಡದಾಗ 1880ರಾಗ ಹುಟ್ಟಿ ವಿಜಯಪುರದಾಗ ವಕೀಲಿ ಮಾಡಿದವರು. ಅವರು ಮನಿ ಮನಿ ಜಗಲಿ ಮ್ಯಾಲಿನ ಕಟ್ಟು ಹುಡಿಕ್ಕೊಂಡು ತಿರಗಿದ್ರು. 1923ರಾಗ ‘ವಚನಶಾಸ್ತ್ರಸಾರ’ ಹೊರಗ ಬಂತು. 1925ರಾಗ ತಮ್ಮದ ಹಿತಚಿಂತಕ ಮುದ್ರಣಾಲಯ, ಮರು ವರ್ಷ ‘ಶಿವಾನುಭವ’ ಪತ್ರಿಕಾ. ಅವತ್ತು ಜನಾ ಜಗಲಿಯಿಂದ ಇಳಿಸಿ ಕೊಡಲಿಲ್ಲಂದ್ರ ಇವತ್ತು ನಾವು ವೇದಿಕಿ ಮ್ಯಾಲ ಹೇಳೂ ಎಷ್ಟೋ ವಚನ ಯಾರಿಗೂ ಗೊತ್ತಿರತಿರಲಿಲ್ಲ. ಅಲ್ಲಿಂದ ಎಪ್ಪತ್ತು ವರ್ಷಕ್ಕ, 1993ರಾಗ, 15 ಸಂಪುಟದಾಗ ಸಮಗ್ರ ವಚನ ಬಂತು. ಅದರ ಪ್ರಧಾನ ಸಂಪಾದಕರು ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಎಂ. ಎಂ. ಕಲಬುರ್ಗಿ. ಶಾಸನ, ಹಸ್ತಪ್ರತಿ ಅಂದ್ರ ಅವರಿಗೆ ಊಟಾ ನಿದ್ದಿ ಇದ್ದಂಗ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನ್ಯಾಗನ ಅವರಿಗೆ ಗುಂಡು ಹೊಡದ್ರು. ಓದಿ ಬರದಾತನ್ನ ಕೊಂದ ಆ ಮುಂಜಾನಿ ಈ ಊರಿನ ಎದಿಯೊಳಗ ಇನ್ನೂ ಹಂಗ ಐತಿ.

ಆಕೆ: ಆವತ್ತಿಂದು ನನಗ ನೆನಪೈತಿ. ಮನ್ಯಾಗ ಯಾರೂ ಮಾತಾಡಲಿಲ್ಲ. … ಕಾಕಾ, ಸಂಪಾದನಿ ಅಂದ್ರ ಏನ ಮಾಡತಾರ್ರಿ? ಗರಿ ನೋಡಿ ಬರಕೊಳ್ಳೂದಷ್ಟನ?

ಹಿರಿಯರು: ಅಷ್ಟ ಆಗಿದ್ರ ಸಸಾರ ಇತ್ತು. ಒಂದ ಕಾವ್ಯ ಐದು ಕಟ್ಟಿನಾಗ ಸಿಗತೈತಿ. ಐದರಾಗೂ ಒಂದೊಂದು ಅಕ್ಷರ ಬ್ಯಾರೆ. ನಕಲು ಮಾಡಿದಾತ ನಿದ್ದಿಗಣ್ಣಾಗ ಒಂದು ಸಾಲ ಬಿಟ್ಟಿರತಾನ, ಇನ್ನೊಬ್ಬ ತಿಳಿಯದ ಶಬ್ದಕ್ಕ ತನಗ ತಿಳದ ಶಬ್ದ ಹಾಕಿರತಾನ. ಐದನ್ನೂ ಬಾಜೂ ಇಟ್ಟು ಒಪ್ಪುವಂಥ ಪಾಠ ಮ್ಯಾಲ ಇಟ್ಟು, ಉಳದದ್ದನ್ನ ಯಾವ ಪ್ರತಿಯೊಳಗ ಹೆಂಗೈತಿ ಅಂತ ಅಡಿಗೆ ಬರಿಬೇಕು. ಬಿಸಾಡಾಕ ಅಧಿಕಾರ ಇಲ್ಲ.

ಆಕೆ: ನಮ್ಮಲ್ಲೂ ಹಂಗ್ರಿ. ಅಳತಿ ತಪ್ಪಿದ ಭಾಗ ಸುಮ್ನ ಬಿಸಾಡೂಹಂಗಿಲ್ಲ. ಎಷ್ಟು ತಪ್ಪೈತಿ, ಯಾಕ ತಗದ್ವಿ ಅಂತ ಚೀಟಿ ಕಟ್ಟಿ ಬ್ಯಾರೆ ಇಡಬೇಕು. ಅಳತಿನೂ ಇಬ್ಬರು ನೋಡಬೇಕು.

ಹಿರಿಯರು: ನೋಡು, ನಿನ್ನ ಕೈಗೆ ಆ ಕೆಲಸದ ರೂಢಿ ಆಗಲೇ ಐತಿ! ನಾ ಭಾಷಣದಾಗ ಹೇಳಬೇಕಂದಿದ್ದು ಇದನ್ನ. ಚಿತ್ರ ತಗದಿಟ್ರ ಕೆಲಸ ಮುಗೀಲಿಲ್ಲ. ಓದಿ ಅಕ್ಷರಕ್ಕ ಇಳಿಸೂತನಕ ಅದು ಬರೇ ಚಿತ್ರ, ಹುಡುಕಿದ್ರ ಸಿಗೂದಿಲ್ಲ. ಡಬ್ಲಿನ್ನಿನವರು ಆ ಲಕ್ಷಾಂತರ ಪುಟಾ ಸಂಬಳದ ಮಂದಿಯಿಂದಷ್ಟ ಇಳಿಸಲಿಲ್ಲ. ಮನ್ಯಾಗ ಕೂತ ಸಾಮಾನ್ಯ ಮಂದಿ, ಬಿಡುವು ಸಿಕ್ಕಾಗ ಒಂದೊಂದ ಪುಟಾ ಓದಿ ಬರದು ಕೊಟ್ರು. ಹುಡುಗರು ಕೂಡಿಸಿದ್ದು, ವಿಶ್ವವಿದ್ಯಾಲಯ ಕಾಯ್ದದ್ದು, ಊರವರು ಮತ್ತ ಓದಿದ್ದು. ಮೂರೂ ಕೂಡಿದಾಗ ಅದು ಬದುಕತೈತಿ. ನಮ್ಮಲ್ಲಿ ಸಂಸ್ಥೆ ಐತಿ, ಹಂಪಿಯೊಳಗ 1991ರಿಂದ ಕನ್ನಡ ವಿಶ್ವವಿದ್ಯಾಲಯ ಐತಿ, ಗೊಟಗೋಡಿಯೊಳಗ 2011ರಾಗ ಜಾನಪದ ವಿಶ್ವವಿದ್ಯಾಲಯಾನೂ ಆತು. ಕಟ್ಟಡಕ್ಕ ಕೊರತಿ ಇಲ್ಲ. ಮೂರನೇ ಕೈ ಬೇಕು.

ಆಕೆ: ಅಂದ್ರ ನಮ್ಮಂಥಾವರು?

ಹಿರಿಯರು: ನಿಮ್ಮಂಥಾವರ. ಈ ಬೇಲೂರಿನ ಕಾರ್ಖಾನಿಗಳಿಗೆ ಎಷ್ಟು ಹಳ್ಳಿಯಿಂದ ಮಂದಿ ಬರತಾರ? ಮುಮ್ಮಿಗಟ್ಟಿ, ಗರಗ, ಕಿತ್ತೂರು. ಒಬ್ಬೊಬ್ಬರ ಮನ್ಯಾಗ ಒಂದು ಜಗಲಿ, ಒಂದು ಟ್ರಂಕು, ಒಬ್ಬಾಕಿ ಅಜ್ಜಿ. ಕಟ್ಟು ಇರದಿದ್ರ ಬೀಸೂಕಲ್ಲಿನ ಹಾಡರ ಇರತೈತಿ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಮಾಡಿದ್ದು ಹಿಂಗ, ಊರ ಹೆಣ್ಣುಮಕ್ಕಳ ಬಾಯಿಂದ ಕೇಳಿ. ಅವರಿಗೆ ಬರೇ ಕಾಗದ ಇತ್ತು. ನಿಮ್ಮ ಕೈಯಾಗ ಚಿತ್ರಾನೂ ಹಿಡಿಯೂ, ದನಿನೂ ಹಿಡಿಯೂ ಯಂತ್ರ ಐತಿ. ಮೇಣಾ ಹೆರಿಯೂ ಪ್ರಸಂಗ ನಿಮಗ ಇಲ್ಲ.

ಆಕೆ: ಸಾಲಿ ಹುಡುಗರಿಗೆ ಬೇಸಗಿ ಸೂಟಿಯಾಗ ಇದನ್ನ ಹಚ್ಚಬಹುದಲ್ರಿ? ನನ್ನ ಮಗಳು ಆರನೇತ್ತೆ. ಅವರ ಟೀಚರ್ ಪ್ರಾಜೆಕ್ಟ್ ಅಂತ ಅಂಗಡ್ಯಾಗಿನ ಚಿತ್ರ ಹಚ್ಚಿಸಿ ತರಸತಾರ.

ಹಿರಿಯರು: ಹಚ್ಚಲೇಬೇಕು. ಧಾರವಾಡ ತಾಲೂಕಿನ ಒಂದೊಂದ ಸಾಲಿ ಒಂದ ವರ್ಷ ಮಾಡಿದ್ರ ಸಾಕು, ವಿಶ್ವವಿದ್ಯಾಲಯಕ್ಕ ಹತ್ತು ವರ್ಷ ಕೆಲಸ ಆಗತೈತಿ. ನಿನಗ ಇನ್ನೊಂದು ಐರ್ಲೆಂಡಿನ ಸಂಗತಿ ಹೇಳಿ ಮುಗಸತೀನಿ. 1924ರಾಗ ಜೇಮ್ಸ್ ಕಸಿನ್ಸ್ ಅಂತ ಐರಿಶ್ ಕವಿ ಮೈಸೂರಿಗೆ ಬಂದಿದ್ರು. ಕಲಿಯೂ ಹುಡುಗ ಒಬ್ಬ ತಾನು ಬರದ ಇಂಗ್ಲಿಷ್ ಕವಿತಾ ಒಯ್ದು ತೋರಿಸಿದ. ಅವರು ಓದಿ, ನಿನ್ನ ಭಾಷಾದಾಗ ಬರದದ್ದು ಏನರ ಐತೇನು, ಅದರಾಗ ಬರಿ ಅಂದ್ರು. ಆ ಹುಡುಗ ಕುವೆಂಪು. ಕಸಿನ್ಸ್ ಬರದದ್ದು ಇಂಗ್ಲಿಷಿನಾಗ. ತಮ್ಮ ಮಂದಿ ಏನ ಕಳಕೊಂಡಾರ ಅನ್ನೂದು ಅವರಿಗೆ ಗೊತ್ತಿತ್ತು. ಕಳಕೊಂಡವರು ಹೇಳಿದ ಮಾತಿಗೆ ತೂಕ ಇರತೈತಿ ತಂಗಿ.

ಆಕೆ: ಬಸ್ಸ ಬಂತ್ರಿ. ಕಾಕಾ, ಐತ್ವಾರ ನನಗ ಸೂಟಿ. ಅಪ್ಪನ್ನ ಕರಕೊಂಡು ಕಟ್ಟು ತಗೊಂಡು ಧಾರವಾಡಕ್ಕ ಬರತೀನಿ. ನೀವು ಸಿಗತೀರಲ್ಲ?

ಹಿರಿಯರು: ಸಿಗತೀನಿ. ಅಪ್ಪನ ಮುಂದನ ಒಂದೆರಡು ಗರಿ ಓದೂನು, ತಮ್ಮ ಮನಿ ಮಾತು ಅಂತ ಅವರ ಕಿವಿಗೆ ಬೀಳಲಿ. ತರೂ ಮುಂದ ಇಷ್ಟು ನೆನಪಿಡು. ನೀರು ಹಚ್ಚಿ ಒರಸಬ್ಯಾಡ, ಎಣ್ಣಿ ಹಚ್ಚಬ್ಯಾಡ, ಬಿಸಲಿಗೆ ಇಡಬ್ಯಾಡ, ದಾರಾ ಬಿಚ್ಚಬ್ಯಾಡ. ಮುರದ ಚೂರು ಕೆಳಗ ಬಿದ್ದಿದ್ರ ಅದನ್ನೂ ಹೆಕ್ಕಿ ಒಂದು ಕಾಗದದಾಗ ಕಟ್ಟಿಕೊ. ತೊಳದ ಹತ್ತಿ ಅರಿವಿಯಾಗ ಸುತ್ತಿ, ಹೆಂಗೈತೋ ಹಂಗ ತಗೊಂಡು ಬಾ. ಕಡತ ಮರೀಬ್ಯಾಡ.